ವಿಭೂತಿ ಇಟ್ಟ ದೆವ್ವ

ಗುಬ್ಬಿಯ ನಮ್ಮ ಮನೆಗೆ ದೆವ್ವ ಬರುತ್ತಿದ್ದುದು ಶನಿವಾರ, ಹಗಲು ಹನ್ನೆರಡು ಗಂಟೆಗೆ. ಆ ಹೊತ್ತಿಗೆ ಅಪ್ಪ ಕೊಬ್ಬರಿ ಮಂಡಿಯಲ್ಲಿ ಕೂತು ಗಿಟುಕುಗಳನ್ನು ಕುಟ್ಟಿ ಕುಟ್ಟಿ, ಸದ್ದು ಕೇಳಿಯೇ ಒಳಗಿನ ಗುಣ ಹೇಳುತ್ತಿರುತ್ತಿದ್ದರು. ನಾನು ಅರ್ಧ ದಿನದ ಸ್ಕೂಲು ಮುಗಿಸಿ ಓಡಿ ಬರುತ್ತಿದ್ದೆ. ಅಷ್ಟರಲ್ಲಿ ಅಮ್ಮ ನಡುಮನೆಯ ಎರಡು ಕಿಟಕಿಗಳಿಗೂ ಕರಿ ಕಂಬಳಿ ಕಟ್ಟಿರುತ್ತಿದ್ದಳು. ಬೀದಿಯ ಆರೇಳು ಹೆಂಗಸರು ಹಿತ್ತಿಲ ಬಾಗಿಲಿನಿಂದ ಒಬ್ಬೊಬ್ಬರಾಗಿ ಬಂದು, ಚಪ್ಪಲಿಯನ್ನೂ ಕೈಯಲ್ಲೇ ಹಿಡಿದು ತಂದು ಒಳಗೆ ಬಚ್ಚಿಟ್ಟು, ಉಯ್ಯಾಲೆಯ ಸುತ್ತ ಚಾಪೆಯ ಮೇಲೆ ಕೂರುತ್ತಿದ್ದರು. ಬೀದಿಗೆ ಮುಖ ಮಾಡಿದ್ದ ನಮ್ಮ ಮುಂದಿನ ಕೋಣೆಯಲ್ಲಿ ನಸೀರಣ್ಣ ಬಾಡಿಗೆಗಿದ್ದ. ಮದುವೆಗಳ ವಿಡಿಯೋ ತೆಗೆಯುವುದು ಅವನ ಕಸುಬು. ಅವನ ವಿಸಿಆರ್ ಒಳಗೆ ಬಂದು ಟಿವಿಯ ತಲೆಯ ಮೇಲೆ ಕೂತ ಮೇಲೆ ಅಮ್ಮ ವಿಭೂತಿ ಗಟ್ಟಿ ಹಿಡಿದುಕೊಂಡು ಬಂದು ಎಲ್ಲರ ಹಣೆಗೂ ಮೂರು ಬೆರಳು ಎಳೆಯುತ್ತಿದ್ದಳು. ಕೊನೆಗೆ ಟಿವಿಯ ನೆತ್ತಿಗೂ ಒಂದಿಷ್ಟು. ಆಮೇಲೆ ಕ್ಯಾಸೆಟ್ಟು ಒಳಗೆ ಹೋಗುತ್ತಿತ್ತು.

ಅವು ಟಾಕೀಸಿನ ಮುಖ ನೋಡಿದ ಸಿನಿಮಾಗಳಲ್ಲ. ಯಾರೋ ನಾಲ್ಕು ಜನ ಸೇರಿ, ಒಂದು ಬಂಗಲೆ ಹಿಡಿದು, ಹತ್ತು ದಿನದಲ್ಲಿ ತೆಗೆದು ನೇರ ಕ್ಯಾಸೆಟ್ಟಿಗೆ ತುಂಬಿ ಕಳಿಸಿದವು. ಎಲ್ಲದರಲ್ಲೂ ಅದೇ ಬಂಗಲೆ. ಒಂದರಲ್ಲಿ ಜಮೀನ್ದಾರನಾಗಿ ಸತ್ತವನು ಇನ್ನೊಂದರಲ್ಲಿ ಪೂಜಾರಿಯಾಗಿ ಬರುತ್ತಿದ್ದ. ದೆವ್ವದ ಕೈಯಲ್ಲಿ ವಾಚು ಕಟ್ಟಿದ ಗುರುತು, ಹೆಣದ ಹೊಟ್ಟೆ ಮೆಲ್ಲಗೆ ಏರಿ ಇಳಿಯುವುದು, ರಕ್ತಕ್ಕೆ ಇರುವೆ ಮುತ್ತಿರುವುದು, ಇವೆಲ್ಲ ನಮ್ಮ ಬೀದಿಯ ಹೆಂಗಸರ ಕಣ್ಣಿಗೆ ಮೊದಲ ಸಲಕ್ಕೇ ಬೀಳುತ್ತಿದ್ದವು. ನಗುತ್ತಿದ್ದರು. ನಗುತ್ತಲೇ ಹೆದರುತ್ತಿದ್ದರು ಕೂಡ. ಮೋಸ ಎಂದು ಗೊತ್ತಿದ್ದೂ ಹೆದರುವುದರಲ್ಲಿ ಇರುವ ಸುಖವನ್ನು ನನಗೆ ಕಲಿಸಿದವರು ಅವರು. ಅವರೆಕಾಯಿ ಕಾಲದಲ್ಲಿ ಎಲ್ಲರ ಮಡಿಲಲ್ಲೂ ಮೊರ ಇರುತ್ತಿತ್ತು. ದೆವ್ವ ಹತ್ತಿರ ಬಂದಷ್ಟೂ ಕಾಯಿ ಸುಲಿಯುವ ಕೈಗಳ ವೇಗ ಹೆಚ್ಚಾಗುತ್ತಿತ್ತು. ಒಳ್ಳೆಯ ಭಯದ ಸಿನಿಮಾ ಬಂದ ದಿನ ನಮ್ಮ ಮನೆಯಲ್ಲಿ ಎರಡು ಹೊತ್ತಿಗಾಗುವಷ್ಟು ಕಾಳು ಇರುತ್ತಿತ್ತು.

ಅಪ್ಪನಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂಬುದೇ ನಮ್ಮ ಮನೆಯ ದೊಡ್ಡ ಕಾನೂನು. ಅಪ್ಪ ಸಿಟ್ಟು ಬಂದರೆ ಕೂಗಾಡುವವರಲ್ಲ, ಕೈ ಎತ್ತುವವರಂತೂ ಅಲ್ಲವೇ ಅಲ್ಲ. ಮುಂದಿದ್ದ ತಟ್ಟೆಯನ್ನು ಎರಡು ಬೆರಳಿನಲ್ಲಿ ಆಚೆ ಸರಿಸಿ ಎದ್ದುಬಿಡುತ್ತಿದ್ದರು. ಅವರು ಉಣ್ಣದಿದ್ದರೆ ಅಮ್ಮ ಉಣ್ಣುತ್ತಿರಲಿಲ್ಲ, ಅಮ್ಮ ಉಣ್ಣದಿದ್ದರೆ ಅಕ್ಕ ಉಣ್ಣುತ್ತಿರಲಿಲ್ಲ, ನಾನೊಬ್ಬಳು ಕದ್ದು ತಿಂದು ಪಾಪಿಯಾಗುತ್ತಿದ್ದೆ.

ಗಿರಿಜಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಉದ್ದವೂ ಹಾಗೆಯೇ. ನಮ್ಮ ಮನೆಯಲ್ಲಿ ಏಣಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಟ್ಟದ ಮೇಲಿನ ಹಂಡೆ, ಹುಣಸೆಹಣ್ಣಿನ ಗಡಿಗೆ, ಹಾಸಿಗೆ ಸುರುಳಿ, ಎಲ್ಲವನ್ನೂ ಅಕ್ಕ ಹಿಮ್ಮಡಿ ಎತ್ತಿ, ಕೈ ಚಾಚಿ ಇಳಿಸಿಕೊಡುತ್ತಿದ್ದಳು. ಆಗ ಅವಳ ಉದ್ದ ಎಲ್ಲರಿಗೂ ಬೇಕು. ಆದರೆ ಗಂಡಿನ ಕಡೆಯವರು ಬರುತ್ತಾರೆ ಎಂದರೆ ಅದೇ ಉದ್ದ ಮನೆಯ ಕಷ್ಟವಾಗುತ್ತಿತ್ತು. ನಾಲ್ಕು ಕಡೆಯವರು ಬಂದು ನೋಡಿ ಹೋಗಿದ್ದರು. ನಾಲ್ವರೂ ಹೋದ ಮೇಲೆ ಹೇಳಿಕಳಿಸಿದ್ದು ಒಂದೇ ಮಾತು, ಕೂಡಿಬರಲಿಲ್ಲ ಎಂದು. ಅದರ ಅರ್ಥ ನಮಗೆಲ್ಲ ಗೊತ್ತಿತ್ತು. ಪ್ರತಿ ಸಲವೂ ಕಾಫಿ ತಟ್ಟೆ ಅವಳ ಕೈಗೆ ಕೊಡುವ ಮುಂಚೆ ಅಪ್ಪ ಅಡಿಗೆಮನೆಯ ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು.

"ಒಸಿ ಬಗ್ಗಿ ಬಾರಮ್ಮ. ಬೇಗ ಕೂತ್ಕೊಂಡ್‌ಬಿಡು."

ಅಕ್ಕ ಬಗ್ಗುತ್ತಿದ್ದಳು. ಬಗ್ಗಿ ಬಗ್ಗಿ ಯಾರೂ ನೋಡದಿದ್ದಾಗಲೂ ಅವಳ ಬೆನ್ನು ಒಂದಿಷ್ಟು ಬಾಗಿಯೇ ಇರುತ್ತಿತ್ತು. ಅದನ್ನು ನೋಡಿ ನನಗೆ ಅಪ್ಪನ ಮೇಲೆ ಕೆಂಡದಂಥ ಸಿಟ್ಟು ಬರುತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ.

ಆಷಾಢ ಬಂತು. ಆಷಾಢದಲ್ಲಿ ಮದುವೆಗಳಿಲ್ಲ, ಮದುವೆಯಿಲ್ಲದೆ ನಸೀರಣ್ಣನಿಗೆ ಕೆಲಸವಿಲ್ಲ. ಕ್ಯಾಮೆರಾ, ಸ್ಟ್ಯಾಂಡು, ಎರಡು ದೊಡ್ಡ ಲೈಟು ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿರುತ್ತಿದ್ದವು. ಆ ವರ್ಷ ಅವನಿಗೆ ತಾನೇ ಒಂದು ದೆವ್ವದ ಸಿನಿಮಾ ತೆಗೆಯುವ ಹುಚ್ಚು ಹಿಡಿಯಿತು. ಹೆಸರು 'ಅಟ್ಟದ ಮೇಲಿನವಳು'. ಟೈಪಿಂಗ್ ಕಲಿಸುವ ಮೇಷ್ಟ್ರು ಹೀರೋ, ಬೀದಿ ಕೊನೆಯ ಟೈಲರು ಮಂತ್ರವಾದಿ. ಮನೆ ನಮ್ಮದು. ಅಪ್ಪ ಮಂಡಿಗೆ ಹೋದ ಮೇಲೆ ಶುರು ಮಾಡಿ ಅವರು ಬರುವ ಮುಂಚೆ ಎಲ್ಲ ಎತ್ತಿಡುವುದು ಎಂಬ ಕರಾರಿನ ಮೇಲೆ ಅಮ್ಮ ಒಪ್ಪಿದಳು. ಅಮ್ಮ ಒಪ್ಪಿದ್ದೇ ಒಂದು ಆಶ್ಚರ್ಯ. ಅಷ್ಟು ಸಿನಿಮಾ ನೋಡಿದವಳಿಗೆ ಒಂದನ್ನು ಹೇಗೆ ಮಾಡುತ್ತಾರೆ ಎಂದು ನೋಡುವ ಆಸೆ ಇದ್ದಿರಬೇಕು. ದೆವ್ವವಾಗಲು ತುಮಕೂರಿನಿಂದ ನಾಟಕದ ಹೆಂಗಸೊಬ್ಬಳು ಬರಬೇಕಿತ್ತು. ಮೊದಲ ದಿನ ಹನ್ನೊಂದಾದರೂ ಅವಳ ಸುಳಿವಿಲ್ಲ. ನಸೀರಣ್ಣ ತಲೆ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕೂತಿದ್ದಾಗ, ಅಟ್ಟದಿಂದ ಹುಣಸೆಹಣ್ಣು ಇಳಿಸುತ್ತಿದ್ದ ಅಕ್ಕ ತಿರುಗಿಯೂ ನೋಡದೆ ಹೇಳಿದಳು.

"ನಾನಾಗ್ತೀನಿ ನಸೀರಣ್ಣ."

ಅಮ್ಮ ಬೇಡವೆಂದಳು, ಅತ್ತಳು, ದೇವರಮನೆಗೆ ಹೋಗಿ ಬಂದಳು. ಅಕ್ಕ ಹಟ ಹಿಡಿದದ್ದು ನಾನು ಕಂಡಂತೆ ಅದೇ ಮೊದಲು. ಕೊನೆಗೆ ಅಮ್ಮ ಒಂದು ಷರತ್ತಿಗೆ ಇಳಿದಳು. ನಾವು ಲಿಂಗ ಕಟ್ಟುವ ಜನ. ಅಕ್ಕನ ಕೊರಳಲ್ಲಿ ಅಜ್ಜಿಯ ಕಾಲದ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗ ಇರುತ್ತಿತ್ತು. ಚಿಕ್ಕಂದಿನಲ್ಲಿ ಅದು ಒರಳುಕಲ್ಲಿನ ಮೇಲೆ ಬಿದ್ದು ಒಂದು ಪಕ್ಕ ನೆಗ್ಗಿತ್ತು.

"ಲಿಂಗ ತೆಗೆಯಂಗಿಲ್ಲ, ವಿಭೂತಿ ಅಳಿಸಂಗಿಲ್ಲ. ಹಂಗಾದ್ರೆ ಮಾಡ್ಲಿ," ಅಂದಳು ಅಮ್ಮ.

"ಅಮ್ಮಾ, ವಿಭೂತಿ ಇಟ್ಕೊಂಡಿರೋ ದೆವ್ವನ ಯಾರ್ ನಂಬ್ತಾರೆ ಹೇಳಿ," ಅಂದ ನಸೀರಣ್ಣ.

"ನಂಬ್ದಿದ್ರೆ ಬುಡ್ಲಿ. ದೆವ್ವದ ವೇಷ ಹಾಕ್ದಾಗ ನಿಜವಾಗ್ಲೂ ಒಂದು ಬಂದು ನನ್ ಮಗಳ ಮೈಮೇಲೆ ಕೂತ್ರೆ ನೀನ್ ಬಿಡುಸ್ತೀಯಾ?"

ನಸೀರಣ್ಣ ಪೌಡರು ಡಬ್ಬಿ ತೆಗೆದ. ವಿಭೂತಿಯ ಮೇಲೆಯೇ ಮುಖಕ್ಕೆ ಬಿಳಿ ಪೌಡರು ಬಳಿದ. ಆದರೆ ಲೈಟಿನ ಬಿಸಿಗೆ ಐದು ನಿಮಿಷದಲ್ಲಿ ಪೌಡರು ಕರಗಿ ಮೂರು ಗೆರೆಗಳೂ ಮತ್ತೆ ಮೂಡಿಬರುತ್ತಿದ್ದವು. ಕಥೆಗೂ ತೊಂದರೆ ಬಂತು. ಕೊನೆಯಲ್ಲಿ ಮಂತ್ರವಾದಿ ವಿಭೂತಿ ಎರಚಿ ದೆವ್ವವನ್ನು ಓಡಿಸಬೇಕಿತ್ತು. ಆಗಲೇ ವಿಭೂತಿ ಇಟ್ಟುಕೊಂಡಿರುವವಳಿಗೆ ಇನ್ನಷ್ಟು ವಿಭೂತಿ ಎರಚಿ ಏನು ಪ್ರಯೋಜನ? ಮೂರು ದಿನ ತಲೆ ಕೆಡಿಸಿಕೊಂಡ ನಸೀರಣ್ಣ ಕೊನೆಗೆ ಕಥೆಯನ್ನೇ ತಿರುಗಿಸಿದ. ಮಂತ್ರವಾದಿ ಸೋತು ಕೂರುತ್ತಾನೆ. ಮನೆಯ ಮುದುಕಿಯೊಬ್ಬಳು ದೆವ್ವಕ್ಕೆ ಮಣೆ ಹಾಕಿ, ಉಣ್ಣಲು ಬಡಿಸಿ, ಯಾಕಮ್ಮ ಬಂದೆ ಎಂದು ಕೇಳುತ್ತಾಳೆ. ದೆವ್ವ ಉಂಡು, ಕೈ ತೊಳೆದು, ತಾನಾಗಿಯೇ ಹೊರಟುಹೋಗುತ್ತದೆ. ಅಂಥ ದೆವ್ವವನ್ನು ನಾನು ಆಮೇಲೂ ಯಾವ ಸಿನಿಮಾದಲ್ಲೂ ಕಾಣಲಿಲ್ಲ.

ಆ ಎರಡು ವಾರ ನನಗೆ ಬಂದಷ್ಟು ಹೊಟ್ಟೆನೋವು ಜೀವಮಾನದಲ್ಲಿ ಬಂದಿಲ್ಲ. ಸ್ಕೂಲಿಗೆ ಚಕ್ಕರ್ ಹಾಕಿ ಬಾಗಿಲು ಕಾಯುತ್ತಿದ್ದೆ. ಕಂಬಳಿ ಕಟ್ಟಿದ ನಡುಮನೆಯೊಳಗೆ ಮಧ್ಯರಾತ್ರಿ, ಹೊರಗೆ ಬಿಸಿಲು. ಒಂದು ಮಧ್ಯರಾತ್ರಿಯಲ್ಲಿ ಪಕ್ಕದ ಮನೆಯ ಕುಕ್ಕರು ಮೂರು ಸಲ ಕೂಗಿತು, ಇನ್ನೊಂದರಲ್ಲಿ ಸೊಪ್ಪಿನವಳು ಕೂಗಿಕೊಂಡು ಹಾದುಹೋದಳು. ನಸೀರಣ್ಣ ಎರಡು ಸದ್ದನ್ನೂ ಸಿನಿಮಾದಲ್ಲಿ ಹಾಗೇ ಬಿಟ್ಟ. ನನಗೆ ಮರೆಯದೆ ಉಳಿದಿರುವುದು ತೊಲೆಯ ದೃಶ್ಯ. ಬಿಳಿ ಸೀರೆಯುಟ್ಟು ಕೂದಲು ಬಿಟ್ಟ ಅಕ್ಕ ಉಯ್ಯಾಲೆಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಮೆಲ್ಲಗೆ ಏಳಬೇಕು. ಎದ್ದಳು. ಬೆನ್ನು ನೆಟ್ಟಗಾಯಿತು, ಕುತ್ತಿಗೆ ನೆಟ್ಟಗಾಯಿತು, ಇನ್ನು ಮುಗಿಯಿತು ಎಂದುಕೊಂಡರೂ ಏಳುತ್ತಲೇ ಇದ್ದಳು. ಎರಡು ಕೈ ಮೇಲೆತ್ತಿ ನಡುಮನೆಯ ತೊಲೆಯನ್ನು ಹಿಡಿದು ನಿಂತಳು. ಟೈಪಿಂಗ್ ಮೇಷ್ಟ್ರು ನಿಜವಾಗಿ ಹೆದರಿ ಎರಡು ಹೆಜ್ಜೆ ಹಿಂದೆ ಹೋದರು. ನನಗೆ ಅಳು ಬಂತು, ಭಯಕ್ಕಲ್ಲ. ನಮ್ಮ ಅಕ್ಕ ಅಷ್ಟು ಚೆನ್ನಾಗಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನವೇ ಎದೆ ಒಡೆಯುವಂಥದ್ದು ನಡೆಯಿತು. ಹನ್ನೆರಡರ ಸುಮಾರಿಗೆ ಬೀದಿಯ ತಿರುವಿನಲ್ಲಿ ಅಪ್ಪನ ಸೈಕಲ್ಲು ಕಂಡಿತು. ಮಂಡಿಗೆ ಕನ್ನಡಕ ಮರೆತು ಹೋಗಿದ್ದರಂತೆ. ನಾನು ಓಡಿ ಬಂದು ಹೇಳುವಷ್ಟರಲ್ಲಿ ಸೈಕಲ್ ಸ್ಟ್ಯಾಂಡಿನ ಸದ್ದು ಜಗಲಿಯ ಹತ್ತಿರವೇ ಕೇಳಿತು. ಅಕ್ಕ ಉಯ್ಯಾಲೆ ಹತ್ತಿ, ತೊಲೆ ಹಿಡಿದು, ಒಂದೇ ನೆಗೆತಕ್ಕೆ ಅಟ್ಟಕ್ಕೇರಿದಳು. ಮೇಷ್ಟ್ರು, ಟೈಲರು ಹಿತ್ತಿಲಿಗೆ ಓಡಿದರು. ಅಮ್ಮ ಕಂಬಳಿ ಕಿತ್ತಳು. ನಸೀರಣ್ಣ ಕ್ಯಾಮೆರಾದ ಮೇಲೆ ಟವಲ್ ಎಸೆದು, ಲೈಟಿನ ಪಕ್ಕ ನಿಂತ. ಒಳಗೆ ಬಂದ ಅಪ್ಪ ಲೈಟುಗಳನ್ನು ನೋಡಿದರು.

"ಏನಪ್ಪ ನಸೀರ, ಇಲ್ಲಿ?"

"ಆಷಾಢ ಅಲ್ವಾ ಸಾರ್. ಉರಿಸ್ದೆ ಇಟ್ರೆ ಲೈಟು ಕೆಟ್ಟೋಗ್ತವೆ. ನನ್ ರೂಮಲ್ಲಿ ಜಾಗ ಸಾಲಲ್ಲ."

ಅಪ್ಪ ಹೂಂ ಎಂದು ಉಯ್ಯಾಲೆಯ ಮೇಲೆ ಕೂತರು. ಅಮ್ಮನನ್ನು ಮಜ್ಜಿಗೆ ಕೇಳಿದರು. ಅವರ ನೆತ್ತಿಯ ನೇರಕ್ಕೆ, ಅಟ್ಟದ ಅಂಚಿನಲ್ಲಿ, ಉಸಿರು ಹಿಡಿದು ಮಲಗಿದ್ದ ಅಕ್ಕನ ಕೂದಲು ಒಂದು ಗೇಣು ಕೆಳಗೆ ಇಳಿಬಿದ್ದಿತ್ತು. ಅಮ್ಮ ಮಜ್ಜಿಗೆ ತಂದಳು. ಅಪ್ಪ ಒಂದೊಂದೇ ಗುಟುಕು ಕುಡಿದರು. ಅಷ್ಟು ನಿಧಾನವಾಗಿ ಮಜ್ಜಿಗೆ ಕುಡಿದವರನ್ನು ನಾನು ಕಂಡಿಲ್ಲ. ಆಗ ಮೇಲಿನಿಂದ ಒಂದು ಚಿಟಿಕೆ ಬಿಳಿ ಪುಡಿ ಅವರ ಹೆಗಲಿನ ಮೇಲೆ ಬಿತ್ತು. ಅಪ್ಪ ಅದನ್ನು ಬೆರಳಿನಿಂದ ಒರೆಸಿ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಸುಣ್ಣ ಉದುರ್ತಾ ಅದೆ. ಹಬ್ಬಕ್ ಬಳಿಸ್ಬೇಕು," ಎಂದು ಹೇಳಿ, ಕನ್ನಡಕ ಹಾಕಿಕೊಂಡು ಹೊರಟುಹೋದರು.

ಅವತ್ತು ಗಡಿಬಿಡಿಯಲ್ಲಿ ನಸೀರಣ್ಣ ಕ್ಯಾಮೆರಾ ಆರಿಸಿರಲಿಲ್ಲ. ಅವನು ಎಸೆದ ಟವಲ್ ಲೆನ್ಸಿನ ಅರ್ಧವನ್ನಷ್ಟೇ ಮುಚ್ಚಿತ್ತು. ಅಪ್ಪನ ಬೆನ್ನು, ನಡುನೆತ್ತಿಯ ಬೋಳು, ಮೇಲೆ ಇಳಿಬಿದ್ದ ಕೂದಲು, ಸುಣ್ಣದ ಮಾತು, ಎಲ್ಲವೂ ಟೇಪಿಗೆ ಬಂದಿತ್ತು. ಇದನ್ನು ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಏನೂ ಅರಿಯದ ಮನೆ ಯಜಮಾನ ಎಂದು ಸಿನಿಮಾದೊಳಗೆ ಸೇರಿಸಿಬಿಟ್ಟ. ಅವನ ಹತ್ತಿರ ಇದ್ದುದೆಲ್ಲ ಮದುವೆ ವಿಡಿಯೋಗೆ ಬೆರೆಸುವ ಮಿಕ್ಸಿಂಗು ಚಿತ್ರಗಳು. ಹಾಗಾಗಿ ದೆವ್ವದ ಮುಖ ಗುಲಾಬಿ ಹೂವಿನೊಳಗಿಂದ ಅರಳಿಕೊಂಡು ಬರುತ್ತಿತ್ತು, ಕೊನೆಗೆ ಎರಡು ಹೃದಯಗಳ ನಡುವೆ ಮಾಯವಾಗುತ್ತಿತ್ತು. ಕ್ಯಾಸೆಟ್ಟನ್ನು ಬಾಡಿಗೆಗೆ ಯಾವ ಊರಿನ ಅಂಗಡಿಗೆ ಕೊಡುವುದು ಎಂಬ ಮಾತು ಬಂದಾಗ ಅಮ್ಮನೇ ತೀರ್ಮಾನ ಹೇಳಿದಳು.

"ಗುಬ್ಬೀಲಿ ಒಂದೂ ಬೇಡ. ದೂರ ಕೊಡು. ಕುಣಿಗಲ್‌ಗೆ ಕೊಡು, ಅಲ್ಲಿ ನಮ್ಮನ್ನ ಯಾರ್ ಕಂಡವ್ರೆ?"

ಮೂರು ತಿಂಗಳಿಗೆ ಅಕ್ಕನಿಗೆ ಕುಣಿಗಲ್ಲಿನಿಂದಲೇ ಗಂಡು ಬಂತು. ಒಳ್ಳೆಯ ಮನೆ, ಹುಡುಗನಿಗೆ ಹಾರ್ಡ್‌ವೇರ್ ಅಂಗಡಿ. ಅಪ್ಪ ಆ ವಾರವೆಲ್ಲ ಖುಷಿಯಾಗಿದ್ದರು, ಎರಡು ಸಲ ಬಡಿಸಿಕೊಂಡು ಉಂಡರು. ಅಮ್ಮ ಮಾತ್ರ ಉಣ್ಣದೆ ಎದ್ದುಬಿಡುತ್ತಿದ್ದಳು. ಬರುವವರು ಆ ಸಿನಿಮಾ ನೋಡಿದ್ದರೆ ಐದನೆಯ ಸಂಬಂಧವೂ ಕೈಬಿಡುತ್ತದೆ, ಅಪ್ಪನಿಗೂ ಗೊತ್ತಾಗುತ್ತದೆ. ನೋಡುವ ದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದದ್ದೇ ತಡ, ನಾನೂ ಅಮ್ಮನೂ ಮನೆಯ ಮುಖವನ್ನೇ ಬದಲಾಯಿಸಲು ನಿಂತೆವು. ಉಯ್ಯಾಲೆ ಬಿಚ್ಚಿ ಕೋಣೆಗೆ ಸಾಗಿಸಿದೆವು. ಸಿನಿಮಾದಲ್ಲಿ ಕಾಣುವ ನಡುಮನೆಯ ನೀಲಿ ಬಾಗಿಲಿಗೆ ಪರದೆ ಬಿಟ್ಟೆವು. ಅಟ್ಟದ ಅಂಚಿಗೆ ಸೀರೆ ಇಳಿಬಿಟ್ಟೆವು. ಎಲ್ಲ ಮುಗಿದ ಮೇಲೆ ಅಮ್ಮ ನನ್ನ ಗಲ್ಲ ಹಿಡಿದಳು.

"ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀಯ?"

"ನಮ್ಮನೇಲಿ ಯಾವ ಸಿನಿಮಾನೂ ತೆಗ್ದಿಲ್ಲ ಅಂತೀನಿ."

ಹುಡುಗ, ಅವನ ತಾಯಿ, ಅವನ ದೊಡ್ಡಪ್ಪ, ಮೂವರು ಬಂದರು. ಚಾಪೆಯ ಮೇಲೆ ಜಮಖಾನ ಹಾಸಿತ್ತು. ಉಪ್ಪಿಟ್ಟು, ಕೇಸರಿಬಾತು ಬಂತು. ದೊಡ್ಡಪ್ಪ ತಲೆ ಎತ್ತಿ ತೊಲೆಯಲ್ಲಿದ್ದ ಕೊಂಡಿಗಳನ್ನು ನೋಡಿದರು.

"ಉಯ್ಯಾಲೆ ಇತ್ತೇನೋ?"

"ಇತ್ತು. ಬೆಳಿಗ್ಗೆ ಬಿಚ್ಚವ್ರೆ. ಯಾಕೋ ನಂಗೂ ತಿಳೀಲಿಲ್ಲ," ಅಂದರು ಅಪ್ಪ. ಅಮ್ಮ ನೆಲ ನೋಡಿದಳು.

ಹುಡುಗನ ತಾಯಿ ಚಮಚ ಕೈಯಲ್ಲಿ ಹಿಡಿದು ಗೋಡೆಯಿಂದ ಗೋಡೆಗೆ ಕಣ್ಣು ಹೊರಳಿಸುತ್ತಿದ್ದರು. ಅಟ್ಟದ ಕಡೆ ಒಮ್ಮೆ, ತೊಲೆಯ ಕಡೆ ಒಮ್ಮೆ. "ಈ ಮನೆ ಎಲ್ಲೋ ನೋಡ್ದಂಗದೆ," ಅಂದರು. "ಗುಬ್ಬೀಲಿ ಹಳೇ ಮನೆಗಳೆಲ್ಲ ಹಿಂಗೇ," ಅಂದಳು ಅಮ್ಮ. ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರು ಕೂಗಿತು. ಒಂದು, ಎರಡು, ಮೂರು. ಆ ತಾಯಿಯ ಚಮಚ ತಟ್ಟೆ ಮತ್ತು ಬಾಯಿಯ ನಡುವೆ ನಿಂತಿತು. ಅಪ್ಪ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ಎಂದಿನ ಮಾತು ಹೇಳಿ ಬಂದರು. ಅಕ್ಕ ಕಾಫಿ ಹಿಡಿದು ಬಂದಳು. ಎಂದಿಗಿಂತ ಹೆಚ್ಚು ಬಗ್ಗಿ ಬಂದಳು. ಹುಡುಗನ ತಾಯಿಯ ಮುಂದೆ ತಟ್ಟೆ ಹಿಡಿದು ಇನ್ನೂ ಬಗ್ಗಿದಾಗ, ಕುಪ್ಪಸದೊಳಗಿದ್ದ ಕರಡಿಗೆ ಜಾರಿ ಹೊರಗೆ ಬಂದು, ದಾರದಲ್ಲಿ ತೂಗಾಡಿ, ಕಾಫಿ ಲೋಟಕ್ಕೆ ತಗುಲಿ ಟಣ್ ಅಂದಿತು. ನೆಗ್ಗಿದ ಪಕ್ಕ ಅವರ ಕಡೆಗೇ ಇತ್ತು. ಮನೆಯನ್ನೆಲ್ಲ ಮುಚ್ಚಿದ್ದ ನಮಗೆ ಅದು ನೆನಪಾಗಿಯೇ ಇರಲಿಲ್ಲ. ಅವಳು ನೆಟ್ಟಗೆ ಬಂದಿದ್ದರೆ ಅದು ಒಳಗೇ ಇರುತ್ತಿತ್ತು.

"ಇದು ಆ ದೆವ್ವದ ಕರಡಿಗೆ," ಅಂದರು ಆ ತಾಯಿ ಮೆಲ್ಲಗೆ.

"ಯಾವ ದೆವ್ವ?" ಅಂದರು ಅಪ್ಪ.

ಅವರು ಹೇಳಿದರು. ಅಟ್ಟದ ಮೇಲಿನವಳು, ವಿಭೂತಿ ಇಟ್ಟವಳು, ಲಿಂಗ ಕಟ್ಟಿದವಳು, ಉಂಡು ಕೈ ತೊಳೆದು ಹೋದವಳು. ಅಪ್ಪನಿಗೆ ಒಂದೂ ಅರ್ಥವಾಗುತ್ತಿರಲಿಲ್ಲ. ಅಮ್ಮ ಅದು ನಮ್ಮ ಮನೆಯಲ್ಲ, ಯಾರೋ ಬೇರೆಯವರು ಎಂದಳು. ಆ ತಾಯಿ ನನ್ನ ಕಡೆ ತಿರುಗಿದರು.

"ಮಕ್ಳು ಸುಳ್ ಹೇಳಲ್ಲ. ನೀನ್ ಹೇಳು ಪುಟ್ಟಿ. ಅದು ನಿಮ್ಮಕ್ಕನೇನಾ?"

"ಅಲ್ಲ," ಅಂದೆ. ಅಷ್ಟಕ್ಕೇ ಬಿಡಲಿಲ್ಲ ನಾನು. "ನಮ್ಮಕ್ಕಂಗೆ ದೆವ್ವ ಅಂದ್ರೇನೇ ಭಯ. ಅವ್ಳು ಅಂಥದ್ದೆಲ್ಲ ನೋಡೋದೂ ಇಲ್ಲ."

ಅಕ್ಕ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ ಅದು. ಕಾಫಿ ತಟ್ಟೆಯನ್ನು ಕೆಳಗಿಟ್ಟಳು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಸೇರಿಸಿದಳು. ಆಮೇಲೆ ಸಿನಿಮಾದಲ್ಲಿ ಎದ್ದ ಹಾಗೆಯೇ ಎದ್ದಳು, ನಿಧಾನವಾಗಿ, ಪೂರ್ತಿಯಾಗಿ. ದೊಡ್ಡಪ್ಪನ ಕುತ್ತಿಗೆ ಅವಳ ಜೊತೆಗೇ ಮೇಲಕ್ಕೆ ಹೋಯಿತು.

"ನಾನೇ ಅಮ್ಮ. ಪುಟ್ಟಿಗೆ ಹಂಗೆ ಹೇಳು ಅಂತ ಹೇಳ್ಕೊಟ್ಟಿದ್ದು ನಾವು. ಅವಳ್ದೇನೂ ತಪ್ಪಿಲ್ಲ."

ಕಾಫಿ ಯಾರೂ ಕುಡಿಯಲಿಲ್ಲ. ದೊಡ್ಡಪ್ಪ ಹೊರಡೋಣ ಅಂದರು, ತಿಳಿಸ್ತೀವಿ ಅಂದರು. ಜಗಲಿಯಲ್ಲಿ ಚಪ್ಪಲಿ ಮೆಟ್ಟುವಾಗ ಹುಡುಗನ ತಾಯಿ ಮಾತ್ರ ಹಿಂದೆ ಉಳಿದು ಅಕ್ಕನ ಕೈ ಹಿಡಿದುಕೊಂಡರು.

"ಚೆನ್ನಾಗ್ ಹೆದರಿಸ್ದೆ ಕಣವ್ವ. ನಮ್ ಬೀದಿ ಹೆಂಗಸ್ರೆಲ್ಲ ಮೂರ್ ಮೂರ್ ಸಲ ನೋಡಿದೀವಿ. ಆದ್ರೇನ್ ಮಾಡ್ಲಿ, ನನ್ ಮಗ ನಿನ್ ಭುಜಕ್ ಬರ್ತಾನೆ."

ಮಧ್ಯಾಹ್ನ ಅಪ್ಪ ತಟ್ಟೆ ಸರಿಸಿದರು. ಸಂಜೆಯೂ ಸರಿಸಿದರು. ಮಾರನೆಯ ಬೆಳಿಗ್ಗೆ ಊಟದ ಡಬ್ಬಿ ತೆಗೆದುಕೊಳ್ಳದೆ ಮಂಡಿಗೆ ಹೋದರು. ಅಮ್ಮ ತಪ್ಪು ನನ್ನದು ಎಂದು ಹೇಳಿದರೂ, ಅಕ್ಕ ಮಾತಾಡಿ ಅಪ್ಪ ಎಂದು ಬೇಡಿಕೊಂಡರೂ ಒಂದು ಅಕ್ಷರ ಹೊರಡಲಿಲ್ಲ. ಮುಂದಿನ ಕೋಣೆಯಲ್ಲಿ ನಸೀರಣ್ಣ ಸಾಮಾನು ಕಟ್ಟತೊಡಗಿದ. ನನಗೆ ಎಲ್ಲಕ್ಕಿಂತ ಚುಚ್ಚುತ್ತಿದ್ದುದು ನನ್ನ ಬಾಯಿಂದ ಬಂದ ಆ 'ಅಲ್ಲ'. ಅಕ್ಕ ಮಾಡಿದ ಅಷ್ಟು ಒಳ್ಳೆಯದೊಂದನ್ನು ಅವಳ ಎದುರಿಗೇ ಇಲ್ಲ ಅಂದುಬಿಟ್ಟಿದ್ದೆ. ಈ ಸಲ ಕದ್ದು ತಿನ್ನಲೂ ಆಗಲಿಲ್ಲ.

ಆ ಮಧ್ಯಾಹ್ನ ಅಪ್ಪ ಮಂಡಿಯಿಂದ ಬೇಗ ಬಂದರು. ಯಾರೊಡನೆಯೂ ಮಾತಾಡದೆ ಕೋಣೆಯಿಂದ ಉಯ್ಯಾಲೆ ಎಳೆದು ತಂದು ಸರಪಳಿಯನ್ನು ಕೊಂಡಿಗೆ ಸಿಕ್ಕಿಸಿದರು. ಆಮೇಲೆ ನಸೀರಣ್ಣನ ಬಾಗಿಲಿಗೆ ಹೋದರು.

"ಆ ಕ್ಯಾಸೆಟ್ ಹಾಕು."

ಬಿಸಿಲಿಗೆ ಟಿವಿ ಸರಿಯಾಗಿ ಕಾಣುತ್ತಿರಲಿಲ್ಲ. ಅಪ್ಪನೇ ಎದ್ದು ಎರಡು ಕಿಟಕಿಗಳಿಗೂ ಕಂಬಳಿ ಕಟ್ಟಿ, ಬಂದು ಉಯ್ಯಾಲೆಯ ಮೇಲೆ ಕೂತರು. ಅಮ್ಮ ಅಭ್ಯಾಸಬಲದಿಂದ ವಿಭೂತಿ ಗಟ್ಟಿ ಹಿಡಿದು ಬಂದವಳು, ಅವರ ಹಣೆಯಲ್ಲಿ ಆಗಲೇ ಮೂರು ಗೆರೆ ಇರುವುದನ್ನು ಕಂಡು ಕೈ ಹಿಂದಕ್ಕೆ ತೆಗೆದಳು. ಗುಲಾಬಿ ಅರಳಿತು, ಅಕ್ಕನ ಮುಖ ಬಂತು. ಕುಕ್ಕರು ಕೂಗಿತು. ಸೊಪ್ಪಿನವಳು ಹಾದುಹೋದಳು. ಅಪ್ಪ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಉಯ್ಯಾಲೆಯ ಮೇಲೆ ಕೂತು ಮಜ್ಜಿಗೆ ಕುಡಿಯುವ ಒಂದು ಬೆನ್ನು ಬಂತು. ಮೇಲೆ ಇಳಿಬಿದ್ದ ಕೂದಲು.

"ಇದ್ಯಾರು?" ಅಂದರು.

ಅಷ್ಟರಲ್ಲಿ ಟಿವಿಯೊಳಗಿನ ಬೆನ್ನು ಹೆಗಲು ಒರೆಸಿಕೊಂಡು, ಸುಣ್ಣ ಉದುರ್ತಾ ಅದೆ ಅಂದಿತು. ಅಪ್ಪ ತಮ್ಮ ನಡುನೆತ್ತಿಯ ಮೇಲೆ ಕೈ ಇಟ್ಟುಕೊಂಡರು. ತಲೆ ಎತ್ತಿ ಅಟ್ಟವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಮತ್ತೆ ಟಿವಿಯ ಕಡೆ ತಿರುಗುವ ಹೊತ್ತಿಗೆ ತೊಲೆಯ ದೃಶ್ಯ ಬಂದಿತ್ತು. ಅಕ್ಕ ಏಳುತ್ತಿದ್ದಳು. ಬೆನ್ನು, ಕುತ್ತಿಗೆ, ಕೈ. ಹಣೆಯ ಮೇಲೆ ಮೂರು ಗೆರೆ, ಕೊರಳಲ್ಲಿ ಕರಡಿಗೆ. ಅಪ್ಪನ ಕಾಲು ನೆಲಕ್ಕೆ ತಗುಲಿ ಉಯ್ಯಾಲೆ ನಿಂತಿತು.

"ಇಷ್ಟುದ್ದ ಇದ್ದಾಳಾ ನಮ್ ಗಿರಿಜ?"

ಅವರು ಕೇಳಿದ್ದು ಅಮ್ಮನನ್ನೋ, ಟಿವಿಯನ್ನೋ ನನಗೆ ಗೊತ್ತಾಗಲಿಲ್ಲ. ಮುದುಕಿ ದೆವ್ವಕ್ಕೆ ಬಡಿಸಿ, ದೆವ್ವ ಉಂಡು, ಕೈ ತೊಳೆದು, ಎರಡು ಹೃದಯಗಳ ನಡುವೆ ಮಾಯವಾಗುವವರೆಗೂ ಅಪ್ಪ ಕೂತು ನೋಡಿದರು. ಕ್ಯಾಸೆಟ್ಟು ಹೊರಗೆ ಬಂದ ಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಊಟಕ್ ಹಾಕು. ಎಲ್ರಿಗೂ ಹಾಕು. ನಸೀರನ್ನೂ ಕರಿ," ಅಂದರು ಅಮ್ಮನಿಗೆ. ಅವತ್ತಿನ ಹುರುಳಿಕಾಳು ಸಾರಿನ ರುಚಿಯನ್ನು ನಾನು ಆಮೇಲೆ ಎಷ್ಟು ಸಲ ಮಾಡಿದರೂ ತರಲು ಆಗಿಲ್ಲ. ಕುಣಿಗಲ್ಲಿನವರು ಕೂಡಿಬರಲಿಲ್ಲ ಎಂದು ಹೇಳಿಕಳಿಸಿದಾಗ ಅಪ್ಪ ಸರಿ ಎಂದಷ್ಟೇ ಅಂದು ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

ಆರನೆಯವರು ಬಂದದ್ದು ತುಮಕೂರಿನ ಶೆಟ್ಟಿಹಳ್ಳಿಯಿಂದ. ಹುಡುಗನಿಗೆ ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಬಂದಾಗಿನಿಂದ ತಲೆ ತಗ್ಗಿಸಿ ತನ್ನ ಅಂಗೈಯನ್ನೇ ನೋಡುತ್ತಾ ಕೂತಿದ್ದ. ಈ ಸಲ ಉಯ್ಯಾಲೆ ಬಿಚ್ಚಿರಲಿಲ್ಲ, ಪರದೆ ಬಿಟ್ಟಿರಲಿಲ್ಲ. ಅಪ್ಪ ಅಡಿಗೆಮನೆಯ ಬಾಗಿಲಿಗೆ ಹೋಗಲಿಲ್ಲ. ಆದರೂ ಅಕ್ಕ ಹಳೆಯ ಅಭ್ಯಾಸಕ್ಕೆ ಬಗ್ಗಿಯೇ ಬಂದಳು. ಅಪ್ಪ ಕೂತಲ್ಲಿಂದಲೇ, ಬಂದವರೆಲ್ಲರ ಎದುರಿಗೆ, ಗಟ್ಟಿಯಾಗಿ ಹೇಳಿದರು.

"ನೆಟ್ಟಗೆ ಬಾರಮ್ಮ."

ಅಕ್ಕ ನೆಟ್ಟಗೆ ನಿಂತಳು. ಯಾರಾದರೂ ನನ್ನನ್ನು ಕೇಳಲಿ ಎಂದು ನಾನು ಕಾದೆ. ಯಾರೂ ಕೇಳಲಿಲ್ಲ, ಯಾರಿಗೂ ಏನೂ ಗೊತ್ತಿರಲಿಲ್ಲ, ಸುಮ್ಮನಿದ್ದಿದ್ದರೆ ಎಲ್ಲವೂ ಸಲೀಸಾಗಿ ಆಗಿಹೋಗುತ್ತಿತ್ತೇನೋ. ನಾನೇ ಎದ್ದು ನಿಂತೆ.

"ನಮ್ಮಕ್ಕ ಸಿನಿಮಾದಲ್ಲಿ ಮಾಡವ್ಳೆ. ದೆವ್ವ ಆಗವ್ಳೆ. ಅದು ಇವಳೇ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಶೆಟ್ಟಿಹಳ್ಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಆ ಹುಡುಗ ಮೊದಲ ಸಲ ತಲೆ ಎತ್ತಿದ. ಎತ್ತುತ್ತಾ ಎತ್ತುತ್ತಾ ಹೋಗಿ, ಅಕ್ಕನ ಮುಖ ಸಿಕ್ಕಿದ ಮೇಲೆ ನಿಲ್ಲಿಸಿದ.

"ಕ್ಯಾಸೆಟ್ ಇದ್ಯಾ ಮನೇಲಿ?" ಅಂದ.

ಅಪ್ಪ ಕಂಬಳಿ ತರಲು ಒಳಗೆ ಹೋದರು.